ಸೈನಿಂಗ್ ತೆಗೆದ್ರೆ ಸರ್ವರ್ ಓಡುತ್ತಾ?

ರಜೆಗೆ ರೋಣ, ನರಗುಂದ, ಗಜೇಂದ್ರಗಡಕ್ಕೆ ಹೋದ್ರೆ "ಇಂಜಿನಿಯರಿಂಗ್ ಓದಾಕತ್ತಿಯಲ್ಲ, ನಮ್ಮ ಆಫೀಸಿನ ಫೈಲ್ ಸರ್ವರ್ ಭಾಳ ಸ್ಲೋ ಆಗೇತಿ, ನೋಡಪಾ" ಅನ್ನೋರು ಸಿಕ್ಕೇ ಸಿಗ್ತಾರೆ. ನೆಟ್‌ನಲ್ಲಿ ಹುಡುಕಿದ್ರೆ ಸಿಗೋ ಸಲಹೆ: ಎಸ್‌ಎಂಬಿ ಸೈನಿಂಗ್ ಆಫ್ ಮಾಡಿ. ತಡೀರಿ.

ಸೈನಿಂಗ್ ಅಂದ್ರೆ ಪ್ರತಿ ಸಂದೇಶಕ್ಕೂ ಒಂದು ಮುದ್ರೆ. ಅದಿಲ್ಲದಿದ್ರೆ ಅದೇ ನೆಟ್‌ವರ್ಕ್‌ನಲ್ಲಿ ಕೂತವನು ನಿಮ್ಮ ಲಾಗಿನ್ನನ್ನ ಸರ್ವರಿಗೆ ರಿಲೇ ಮಾಡಿ ನಿಮ್ಮ ಹೆಸರಲ್ಲೇ ಒಳಗೆ ಹೋಗಬಹುದು. ಕದ್ದು ಓದೋದನ್ನ ತಡೆಯೋಕೆ ಎನ್‌ಕ್ರಿಪ್ಷನ್ ಬೇಕು. ಅದು ಬಂದಿದ್ದು ಎಸ್‌ಎಂಬಿ 3.0ರಲ್ಲಿ.

ಎರಡಕ್ಕೂ ಬೆಲೆ ತೆರೋದು ಸಿಪಿಯು. ಆದ್ರೆ ಗಿಗಾಬಿಟ್ ಕೇಬಲ್‌ನಲ್ಲಿ ಸೆಕೆಂಡಿಗೆ ಹೋಗೋದೇ ಹೆಚ್ಚೆಂದ್ರೆ 125 ಮೆಗಾಬೈಟ್. ಎಇಎಸ್ ಇನ್‌ಸ್ಟ್ರಕ್ಷನ್ಸ್ ಇರೋ ಪ್ರೊಸೆಸರಿನ ಒಂದೇ ಕೋರ್ ಅದರ ಹಲವು ಪಟ್ಟು ಎನ್‌ಕ್ರಿಪ್ಟ್ ಮಾಡುತ್ತೆ. ಅಲ್ಲಿ ಸೈನಿಂಗ್ ತೆಗೆದು ಗಳಿಸೋದೇನೂ ಇಲ್ಲ. ಇಂಟೆಲ್ ಇವನ್ನ ತಂದಿದ್ದು 2010ರಲ್ಲಿ, ಅಗ್ಗದ ಚಿಪ್ಪುಗಳಿಗೆ ಇನ್ನೂ ತಡವಾಗಿ. ಹಳೇ ಕೋರ್ 2 ಡ್ಯುಯೊ, ರಾಸ್ಪ್‌ಬೆರಿ ಪೈ 4 ಎರಡರಲ್ಲೂ ಇಲ್ಲ. ಹೊಡೆತ ಬೀಳೋದು ಅಲ್ಲೇ. 10 ಗಿಗಾಬಿಟ್ ಇದ್ರೆ ಹೊಸ ಪ್ರೊಸೆಸರೂ ಬೆವರಬಹುದು.

ಹಾಗಾಗಿ ಮೊದಲು ದೊಡ್ಡದೊಂದು ಫೈಲ್ ಕಾಪಿಗೆ ಹಾಕಿ, ಸರ್ವರಲ್ಲಿ ಟಾಪ್ ನೋಡ್ರಿ. ಒಂದು ಕೋರ್ 100% ಮುಟ್ಟಿದ್ರೆ ಸಿಪಿಯು ಮೇಲೆ ಅನುಮಾನ ಪಡಿ. ಇಲ್ಲದಿದ್ರೆ ಹಾರ್ಡ್ ಡಿಸ್ಕ್ ನೋಡಿ. ದೊಡ್ಡ ಫೈಲ್ ಸರಾಗ, ಸಾವಿರ ಸಣ್ಣ ಫೈಲ್ ಮಾತ್ರ ನಿಧಾನವೇ? ಅದು ಫೈಲಿಗೊಮ್ಮೆ ಸರ್ವರಿಗೆ ಹೋಗಿಬರೋ ಸಮಯ.