ಹೆಸರಿನ ಮುಂದಿನ ಅಕ್ಷರ

ಗೆಳೆಯರೇ, ಹಾಜರಿ ಕರೆಯುವಾಗ ಮೇಷ್ಟ್ರು ನಮ್ಮ ಹೆಸರಿನ ಜೊತೆ ಇನಿಷಿಯಲ್ ಓದುತ್ತಾರಲ್ಲ, ಅದೇನು ಅಂತ ಯೋಚಿಸಿದ್ದೀರಾ?

ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಎರಡು ಅಕ್ಷರ ಇದ್ದರೆ ಸಾಮಾನ್ಯವಾಗಿ ಮೊದಲನೆಯದು ಊರು, ಎರಡನೆಯದು ತಂದೆ. ಕುವೆಂಪು ಅಂದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಕುಪ್ಪಳಿ ಅವರ ಊರು, ವೆಂಕಟಪ್ಪ ಅವರ ತಂದೆ.

ಸರ್ ಎಂ. ವಿಶ್ವೇಶ್ವರಯ್ಯನವರು 1861ರಲ್ಲಿ ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಆದರೆ 'ಎಂ' ಅಂದರೆ ಮುದ್ದೇನಹಳ್ಳಿ ಅಲ್ಲ, ಮೋಕ್ಷಗುಂಡಂ! ಅದು ಆಂಧ್ರದ ಹಳ್ಳಿ. ಅವರ ಪೂರ್ವಿಕರು ಅಲ್ಲಿಂದ ಬಂದವರು. ಊರು ಬಿಟ್ಟರೂ ಊರಿನ ಹೆಸರು ಬಿಡಲಿಲ್ಲ.

ಉತ್ತರ ಕರ್ನಾಟಕದ ಕಡೆ ಅಡ್ಡಹೆಸರು ಇರುತ್ತದೆ. ಬಡಿಗೇರ ಅಂದರೆ ಮರಗೆಲಸದ ಮನೆತನ, ಕಂಬಾರ ಅಂದರೆ ಕಬ್ಬಿಣದ ಕೆಲಸದವರು. ಅಲ್ಲಿ ಹೆಳವರು ಮನೆಮನೆಗೆ ಬಂದು ವಂಶಾವಳಿ ಹೇಳುತ್ತಾರೆ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಳ್ಳುತ್ತಾರೆ.

ನಮ್ಮ ಸುದ್ದಗುಂಟೆಪಾಳ್ಯದಲ್ಲಿ ಮನೆಯ ಹಿರಿಯರೇ ನಮಗೆ ಹೆಳವರು. ನನ್ನ 'ಎಚ್' ಏನು ಅಂತ ಅಜ್ಜಿಯನ್ನು ಕೇಳಿದೆ. "ಹಾರೋಹಳ್ಳಿ ಕಣೋ, ನಿಮ್ಮ ತಾತ ಅಲ್ಲಿಂದ ಬಂದೋರು" ಅಂದರು. ತಾತನ ತಾತ ಯಾರು ಅಂದೆ. "ಅದು ನಿಮ್ಮ ದೊಡ್ಡತಾತಂಗೆ ಗೊತ್ತಿತ್ತು" ಅಂದರು. ದೊಡ್ಡತಾತ ಹೋದ ವರ್ಷ ತೀರಿಕೊಂಡರು.

ಅದಕ್ಕೇ ಹೇಳುತ್ತೇನೆ, ಇವತ್ತು ಸಂಜೆಯೇ ಅಜ್ಜಿ ತಾತನ ಹತ್ತಿರ ಕೂತು ಕೇಳಿ. ಕೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ.