ಗುಂಡಿ ಒತ್ತಿದರೂ ಕಂಪ್ಯೂಟರ್ ಏಳದಿದ್ದರೆ



ಸ್ಟುಡಿಯೋದಲ್ಲಿ ಧ್ವನಿ ನಿಂತುಹೋದರೆ ನಾವು ಟ್ರಾನ್ಸ್‌ಮಿಟರೇ ಕೆಟ್ಟಿತೆಂದು ಗಾಬರಿಯಾಗುವುದಿಲ್ಲ. ಮೈಕು, ವೈರು, ಮಿಕ್ಸರ್ ಎಂದು ಒಂದೊಂದೇ ನೋಡುತ್ತಾ ಹೋಗುತ್ತೇವೆ. ಮನೆಯಲ್ಲೇ ಜೋಡಿಸಿದ ಕಂಪ್ಯೂಟರ್ ಏಳದಿದ್ದಾಗಲೂ ಇದೇ ದಾರಿ.

ಮಲ್ಕಾಜ್‌ಗಿರಿಯ ನಮ್ಮ ಮನೆಯ ಕಂಪ್ಯೂಟರನ್ನು ನಾನೇ ಜೋಡಿಸಿದ್ದೆ. ಬಿಡಿಭಾಗಗಳನ್ನು ತಂದದ್ದು ಸಿಕಂದರಾಬಾದಿನ ಪಾರ್ಕ್‌ಲೇನ್‌ನ ಚೆನಾಯ್ ಟ್ರೇಡ್ ಸೆಂಟರಿನಿಂದ, ಅಂದರೆ ನಿಮಗೆಲ್ಲ ಗೊತ್ತಿರುವ ಸಿಟಿಸಿಯಿಂದ. ಒಂದು ಮಳೆಗಾಲದ ರಾತ್ರಿ ಕರೆಂಟು ಹೋಗಿ ಬಂದ ಮೇಲೆ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪು. ರಿಪೇರಿಯವರೊಬ್ಬರು ನೋಡಿ "ಮದರ್‌ಬೋರ್ಡು ಹೋಗಿದೆ, ಎಲ್ಲಾ ಹೊಸದು ಹಾಕಿಸಿ" ಎಂದರು. ಅದರೊಳಗೆ ತೀರಿಕೊಂಡ ನಮ್ಮ ಅಮ್ಮ ಹಾಡಿದ್ದ ಹಸೆಹಾಡುಗಳಿದ್ದವು. ಬೇರೆ ಪ್ರತಿ ಇರಲಿಲ್ಲ. ಮನಸ್ಸು ಒಪ್ಪದೆ ನಾನೇ ಕ್ಯಾಬಿನೆಟ್ ಬಿಚ್ಚಿ ಕೂತೆ.

ನೀವೂ ಬಿಚ್ಚುವುದಾದರೆ ಮೊದಲು ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಐದಾರು ಸೆಕೆಂಡು ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬರಿ ಲೋಹವನ್ನು ಮುಟ್ಟಿ, ಆಮೇಲೆ ಒಳಗೆ ಕೈ ಹಾಕಿ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯದ ವಿದ್ಯುತ್ ಉಳಿದಿರುತ್ತದೆ.

ದೀಪವೂ ಇಲ್ಲ, ಫ್ಯಾನೂ ಇಲ್ಲವೇ? ಗೋಡೆಯ ಸ್ವಿಚ್, ಎಕ್ಸ್‌ಟೆನ್ಷನ್ ಬೋರ್ಡು, ಯುಪಿಎಸ್ ನೋಡಿ. ಎಸ್‌ಎಂಪಿಎಸ್‌ನ ಹಿಂದಿನ ಸ್ವಿಚ್ಚಿನಲ್ಲಿ ಗೆರೆಯ ಕಡೆ ಒತ್ತಿದ್ದರೆ ಆನ್, ಸೊನ್ನೆಯ ಕಡೆ ಆಫ್. ಮದರ್‌ಬೋರ್ಡಿನ 24 ಪಿನ್‌ನ ದೊಡ್ಡ ಕನೆಕ್ಟರ್ ಪೂರ್ತಿ ಕೂತಿದೆಯೇ ನೋಡಿ. ಆಗಲೂ ಏಳದಿದ್ದರೆ, ಪವರ್ ಗುಂಡಿಯ ಪಿನ್ನುಗಳಿಗೆ ರೀಸೆಟ್ ಗುಂಡಿಯ ವೈರು ಹಾಕಿ ಒತ್ತಿ. ಎದ್ದರೆ, ಕೆಟ್ಟಿದ್ದು ಗುಂಡಿ ಮಾತ್ರ.

ಎರಡು ಸೆಕೆಂಡು ತಿರುಗಿ ನಿಲ್ಲುತ್ತದೆಯೇ? ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ ಕನೆಕ್ಟರ್ ನೋಡಿ. ಹೊಸದಾಗಿ ಜೋಡಿಸಿದವರು ಮರೆಯುವುದು ಇದನ್ನೇ. ಬೋರ್ಡಿನ ಅಡಿಯಲ್ಲಿ ಸ್ಕ್ರೂ ಬಿದ್ದು ಶಾರ್ಟ್ ಆಗಿರಲೂಬಹುದು.

ಫ್ಯಾನು ತಿರುಗಿದರೂ ಪರದೆ ಕಪ್ಪೇ? ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ಕೇಬಲ್ಲನ್ನು ಅದಕ್ಕೇ ಹಾಕಿ, ಬೋರ್ಡಿಗಲ್ಲ. ಬೋರ್ಡಿಗೆ ಪುಟ್ಟ ಸ್ಪೀಕರ್ ಇದ್ದರೆ ಬೀಪ್ ಎಣಿಸಿ. ಎಷ್ಟು ಬೀಪಿಗೆ ಏನರ್ಥ ಎಂಬುದು ಬೋರ್ಡಿನ ಕೈಪಿಡಿಯಲ್ಲಿರುತ್ತದೆ. ಈಚಿನ ಅನೇಕ ಬೋರ್ಡುಗಳಲ್ಲಿ ಪ್ರೊಸೆಸರ್, ರ್‍ಯಾಮ್, ಗ್ರಾಫಿಕ್ಸ್, ಬೂಟ್ ಎಂದು ನಾಲ್ಕು ಚಿಕ್ಕ ದೀಪಗಳಿವೆ. ಯಾವುದು ಆರದೆ ಉಳಿಯುತ್ತದೋ ತೊಂದರೆ ಅಲ್ಲಿ. ರ್‍ಯಾಮ್ ಎರಡಿದ್ದರೆ ಒಂದನ್ನೇ ಹಾಕಿ ನೋಡಿ. ಡಿಡಿಆರ್5 ರ್‍ಯಾಮ್ ಹೊಸದಾಗಿ ಹಾಕಿದ್ದರೆ ಮೊದಲ ಸಲ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಅವಸರಪಟ್ಟು ಆರಿಸಬೇಡಿ.

ಪರದೆ ಬಂದೂ ವಿಂಡೋಸ್ ಬರುವುದಿಲ್ಲವೇ? ಬಯಾಸ್‌ನಲ್ಲಿ ಡಿಸ್ಕಿನ ಹೆಸರು ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಕಂಪ್ಯೂಟರ್ ಆರಿಸಿ, ಅದರ ಕೇಬಲ್ ಕಿತ್ತು ಮತ್ತೆ ಹಾಕಿ. ಹಳೆಯ ಕಂಪ್ಯೂಟರಿನಲ್ಲಿ ಪ್ರತಿ ಸಲ ತಾರೀಕು ಹಿಂದಕ್ಕೆ ಹೋಗುತ್ತಿದ್ದರೆ ಬೋರ್ಡಿನ ಮೇಲಿನ 3 ವೋಲ್ಟಿನ ಸಿಆರ್2032 ಬ್ಯಾಟರಿ ಬದಲಿಸಿ.

ನನ್ನ ಕಂಪ್ಯೂಟರಿನಲ್ಲಿ ಉರಿಯುತ್ತಿದ್ದದ್ದು ರ್‍ಯಾಮ್ ದೀಪ. ರ್‍ಯಾಮ್ ತೆಗೆದು, ಅದರ ಹೊಂಬಣ್ಣದ ಪಟ್ಟಿಗಳನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, 'ಟಕ್' ಎನ್ನುವವರೆಗೆ ಒತ್ತಿ ಕೂರಿಸಿದೆ. ಪರದೆ ಬೆಳಗಿತು. ಬೋರ್ಡಿಗೆ ಏನೂ ಆಗಿರಲಿಲ್ಲ.

ಆಮೇಲೆ ಇನ್ನೊಂದು ಮಾತು ತಿಳಿಯಿತು. ಬೋರ್ಡು ನಿಜವಾಗಿಯೇ ಕೆಟ್ಟಿದ್ದರೂ ಹಾಡುಗಳಿದ್ದದ್ದು ಡಿಸ್ಕಿನಲ್ಲಿ. ಡಿಸ್ಕು ಸರಿಯಿದ್ದರೆ ಅದನ್ನು ಬೇರೆ ಕಂಪ್ಯೂಟರಿಗೆ ಹಾಕಿ ತೆಗೆದುಕೊಳ್ಳಬಹುದು. ಬೀಗ ಹಾಕಿದ ಡಿಸ್ಕಾದರೆ ಅದರ ರಿಕವರಿ ಕೀ ಬೇಕು. ಆದ್ದರಿಂದ ಯಾರೇ "ಎಲ್ಲಾ ಹೋಯಿತು" ಎಂದರೂ "ಡಿಸ್ಕು ಹೇಗಿದೆ?" ಎಂದು ಕೇಳಿ. ರಿಪೇರಿಗೆ ಕೊಡುವುದಾದರೆ ಡಿಸ್ಕನ್ನು ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಿ.

ಅಮ್ಮನ ಹಾಡುಗಳು ಈಗ ಮೂರು ಕಡೆ ಇವೆ. ನಿಮ್ಮ ಮನೆಯ ಕಂಪ್ಯೂಟರ್ ಚೆನ್ನಾಗಿ ನಡೆಯುತ್ತಿದ್ದರೆ, ಮತ್ತೆ ತರಲಾಗದ್ದು ಏನಿದೆಯೋ ಅದನ್ನು ಇವತ್ತೇ ಇನ್ನೊಂದು ಕಡೆ ನಕಲು ಮಾಡಿಡಿ.