ಹ್ಯಾಂಡಲ್ ಚೀಲ, ಮುಂದಿನ ದೀಪ: ತಪ್ಪು ಕಲ್ಪನೆ ಮತ್ತು ಸತ್ಯ

ಸೈಕಲ್‌ನ ಮುಂದಿನ ದೀಪಕ್ಕೂ ಹ್ಯಾಂಡಲ್‌ಗೆ ಕಟ್ಟುವ ಚೀಲಕ್ಕೂ ಬೇಕಾಗುವುದು ಒಂದೇ ಜಾಗ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ ಈ ಪೈಪೋಟಿ ಮೂರು ಬಗೆಯಲ್ಲಿ ಕಾಣುತ್ತದೆ. ಹೊಲಕ್ಕೂ ಪೇಟೆಗೂ ಓಡಾಡುವ ಹಳೆಯ ಕರಿ ಸೈಕಲ್‌ನ ಹ್ಯಾಂಡಲ್‌ಗೆ ಬುತ್ತಿ ಚೀಲವೋ ಹಾಲಿನ ಕ್ಯಾನೋ ತೂಗಿರುತ್ತದೆ. ರಾಜ್ಯ ಸರ್ಕಾರ 2006-07ರಲ್ಲಿ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ತೊಡಗಿದ ಮೇಲೆ ಹಳ್ಳಿ ರಸ್ತೆಗಳಲ್ಲಿ ಶಾಲೆಯ ಸೈಕಲ್‌ಗಳು ಹೆಚ್ಚಿದವು. ಹುಡುಗಿಯರ ಸೈಕಲ್‌ನಲ್ಲಿ ಮುಂದೆ ತಂತಿಯ ಬುಟ್ಟಿ, ಬುಟ್ಟಿಯ ತುಂಬ ಪಾಟಿಚೀಲ ಸಾಮಾನ್ಯ. ಮೂರನೆಯದು ದೂರದ ಸವಾರಿಗೆ ಹೊರಡುವವರ ಗೇರ್ ಸೈಕಲ್. ಇದಕ್ಕೆ ಪೆಟ್ಟಿಗೆಯಾಕಾರದ ಹ್ಯಾಂಡಲ್ ಬ್ಯಾಗ್.

ಡಿಸೆಂಬರಿನಲ್ಲಿ ಈ ಭಾಗದಲ್ಲಿ ಸಂಜೆ 6ರ ಸುಮಾರಿಗೆ ಹೊತ್ತು ಮುಳುಗುತ್ತದೆ, ಮುಂದಿನ ಅರ್ಧ ಗಂಟೆಯೊಳಗೆ ಪೂರ್ತಿ ಕತ್ತಲು ಕವಿಯುತ್ತದೆ. ಕಬ್ಬು ಸಾಗಿಸುವ ಕಾಲವೂ ಅದೇ. ಆ ಹೊತ್ತಿನಲ್ಲಿ ದೀಪ ಎಷ್ಟು ಜೋರು ಎಂಬುದಕ್ಕಿಂತ ಅದರ ಬೆಳಕು ಅಡ್ಡಿಯಿಲ್ಲದೆ ರಸ್ತೆ ಮುಟ್ಟುತ್ತದೆಯೇ ಎಂಬುದು ಮುಖ್ಯವಾಗುತ್ತದೆ. ಈ ಬಗ್ಗೆ ರೂಢಿಯಲ್ಲಿರುವ ತಪ್ಪು ಕಲ್ಪನೆಗಳನ್ನೂ ಅವುಗಳ ನಿಜವನ್ನೂ ಇಲ್ಲಿ ಕ್ರಮವಾಗಿ ಕೊಡಲಾಗಿದೆ.

1. ತಪ್ಪು ಕಲ್ಪನೆ: ಬೆಳದಿಂಗಳಿದ್ದರೆ ದೀಪ ಬೇಡ, ರಿಫ್ಲೆಕ್ಟರ್ ಇದ್ದರೆ ಸಾಕು.

ಸತ್ಯ: ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಗಳೂ ಕಾಲ್ನಡಿಗೆಯ ಭಕ್ತರೂ ರಾತ್ರಿಯಿಡೀ ಸಾಗುತ್ತಾರೆ. ಆದರೆ ಹುಣ್ಣಿಮೆಯ ಚಂದ್ರ ನೆತ್ತಿಯ ಮೇಲಿದ್ದರೂ ನೆಲಕ್ಕೆ ಬೀಳುವ ಬೆಳಕು ಅರ್ಧ ಲಕ್ಸ್ ಕೂಡ ಇರುವುದಿಲ್ಲ. ಅಷ್ಟರಲ್ಲಿ ರಸ್ತೆಯ ಅಂಚು ಮಸುಕಾಗಿ ಕಾಣಬಹುದು, ಡಾಂಬರು ಕಿತ್ತ ತೆಗ್ಗು ಕಾಣುವುದಿಲ್ಲ.

ರಿಫ್ಲೆಕ್ಟರ್‌ಗೆ ಸ್ವಂತ ಬೆಳಕಿಲ್ಲ. ತನ್ನ ಮೇಲೆ ಬಿದ್ದ ಬೆಳಕನ್ನು ಅದು ಬಂದ ದಿಕ್ಕಿಗೇ ಮರಳಿಸುವುದಷ್ಟೇ ಅದರ ಕೆಲಸ. ದೀಪವಿಲ್ಲದ ಚಕ್ಕಡಿಯವನಿಗಾಗಲಿ, ರಸ್ತೆ ದಾಟುವ ಪಾದಚಾರಿಗಾಗಲಿ, ಅಡ್ಡ ದಾರಿಯಿಂದ ಬರುವ ವಾಹನಕ್ಕಾಗಲಿ ಅದು ಸುಳಿವು ಕೊಡುವುದಿಲ್ಲ. ಮುಂದಿನ ದೀಪದ ಕೆಲಸ ಎರಡು: ಸವಾರನಿಗೆ ರಸ್ತೆ ತೋರಿಸುವುದು, ಎದುರಿನವರಿಗೆ ಸವಾರನನ್ನು ತೋರಿಸುವುದು. ಚೀಲ ಅಡ್ಡ ಬಂದರೆ ಎರಡೂ ಕೆಡುತ್ತವೆ.

2. ತಪ್ಪು ಕಲ್ಪನೆ: ದೀಪ ಚೀಲಕ್ಕಿಂತ ಒಂದಿಷ್ಟು ಮೇಲಿದ್ದರೆ ಬೆಳಕಿಗೆ ಅಡ್ಡಿಯಿಲ್ಲ.

ಸತ್ಯ: ಆ ‘ಒಂದಿಷ್ಟು’ ಎಷ್ಟು ಎಂಬುದರ ಮೇಲೆ ಎಲ್ಲವೂ ನಿಂತಿದೆ. ದೀಪ ನೆಲದಿಂದ 105 ಸೆಂ.ಮೀ. ಎತ್ತರದಲ್ಲಿದೆ, ಚೀಲ ದೀಪದಿಂದ ಮುಂದಕ್ಕೆ 20 ಸೆಂ.ಮೀ. ಚಾಚಿದೆ ಎಂದುಕೊಂಡರೆ ಲೆಕ್ಕ ಹೀಗಾಗುತ್ತದೆ. ದೀಪ ಚೀಲದ ಮೇಲಂಚಿಗಿಂತ 2 ಸೆಂ.ಮೀ. ಮಾತ್ರ ಮೇಲಿದ್ದರೆ, ಚೀಲದ ಮುಂದಿನ ಅಂಚನ್ನು ದಾಟಿದ ಬೆಳಕು ನೆಲ ಮುಟ್ಟುವುದು ಹತ್ತೂವರೆ ಮೀಟರ್ ಆಚೆಗೆ. ಅದಕ್ಕಿಂತ ಈಚಿನ ರಸ್ತೆಯೆಲ್ಲ ಚೀಲದ ನೆರಳು. ದೀಪ ಮೇಲಂಚಿಗಿಂತ 5 ಸೆಂ.ಮೀ. ಮೇಲಿದ್ದರೆ ನೆರಳು 4.2 ಮೀಟರಿಗೆ ಇಳಿಯುತ್ತದೆ. ಮೂರು ಸೆಂಟಿಮೀಟರಿನ ವ್ಯತ್ಯಾಸ ಆರು ಮೀಟರಿಗೂ ಹೆಚ್ಚು ರಸ್ತೆಯನ್ನು ಬೆಳಕಿಗೆ ತರುತ್ತದೆ.

ಇನ್ನೊಂದು ತೊಂದರೆ ಕಣ್ಣಿನದು. ಚೀಲದ ಮೇಲ್ಮುಚ್ಚಳಕ್ಕೆ ಬಡಿದ ಬೆಳಕು ಸವಾರನ ಕಣ್ಣಿಗೇ ಮರಳುತ್ತದೆ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಮೂಗಿನ ಮುಂದೆ ಬೆಳಗುವ ಚೀಲ ಆ ಹೊಂದಾಣಿಕೆಯನ್ನು ಕ್ಷಣದಲ್ಲಿ ಕೆಡಿಸುತ್ತದೆ. ಬಿಳಿ ಪ್ಲಾಸ್ಟಿಕ್ ಚೀಲದಲ್ಲಿ ಇದು ಹೆಚ್ಚು, ಹೊಳಪಿಲ್ಲದ ಕಪ್ಪು ಬಟ್ಟೆಯಲ್ಲಿ ಕಡಿಮೆ. ತಂತಿ ಬುಟ್ಟಿಯ ಹಿಂದೆ ದೀಪ ಕಟ್ಟಿದರೆ ತಂತಿಗಳ ನೆರಳು ರಸ್ತೆಯ ಮೇಲೆ ಪಟ್ಟೆ ಪಟ್ಟೆಯಾಗಿ ಕುಣಿಯುತ್ತದೆ. ಆ ಪಟ್ಟೆಗಳ ನಡುವೆ ನಿಜವಾದ ತೆಗ್ಗನ್ನು ಗುರುತಿಸುವುದು ಕಷ್ಟ.

3. ತಪ್ಪು ಕಲ್ಪನೆ: ಲುಮೆನ್ ಹೆಚ್ಚಿದ್ದಷ್ಟೂ ದೀಪ ಒಳ್ಳೆಯದು.

ಸತ್ಯ: ಲುಮೆನ್ ಎಂದರೆ ದೀಪ ಎಲ್ಲ ದಿಕ್ಕಿಗೂ ಚೆಲ್ಲುವ ಒಟ್ಟು ಬೆಳಕು. ಗುರಿಯ ಮೇಲೆ ಬಿದ್ದ ಬೆಳಕಿನ ಅಳತೆ ಲಕ್ಸ್. ಪೊಟ್ಟಣದ ಮೇಲೆ ದೊಡ್ಡ ಅಂಕಿಯಿರುವ ದೀಪ ಅರ್ಧ ಬೆಳಕನ್ನು ಚೀಲಕ್ಕೂ ಕಾಲುಭಾಗವನ್ನು ಬೇವಿನ ಮರಗಳಿಗೂ ಹಂಚಿದರೆ ರಸ್ತೆಗೆ ಉಳಿಯುವುದು ಅಲ್ಪ. ಜರ್ಮನಿಯ ಸಂಚಾರ ನಿಯಮ ಸೈಕಲ್ ದೀಪವನ್ನು ಅಳೆಯುವುದೂ ಲಕ್ಸ್‌ನಲ್ಲೇ: 10 ಮೀಟರ್ ದೂರದಲ್ಲಿ ಕನಿಷ್ಠ 10 ಲಕ್ಸ್.

ಎಷ್ಟು ದೂರ ಕಾಣಬೇಕು ಎಂಬುದನ್ನು ವೇಗ ಹೇಳುತ್ತದೆ. ಅಡ್ಡಿ ಕಂಡು ಬ್ರೇಕ್ ಹಿಡಿಯಲು ಒಂದೂವರೆ ಸೆಕೆಂಡ್ ಹಿಡಿಯುತ್ತದೆ ಎಂದೂ, ಒಣ ರಸ್ತೆಯಲ್ಲಿ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ ಎಂದೂ ಎಣಿಸಿದರೆ, ಗಂಟೆಗೆ 15 ಕಿ.ಮೀ. ವೇಗದ ಸೈಕಲ್ ನಿಲ್ಲಲು ಸುಮಾರು 9 ಮೀಟರ್ ಬೇಕು. 20 ಕಿ.ಮೀ. ವೇಗಕ್ಕೆ 13ರಿಂದ 14 ಮೀಟರ್. ಗುಡ್ಡದ ಇಳಿಜಾರಿನಲ್ಲಿ ವೇಗ 30ಕ್ಕೆ ಮುಟ್ಟಿದರೆ 24 ಮೀಟರಿಗೂ ಹೆಚ್ಚು. ಎಂ.ಕೆ. ಹುಬ್ಬಳ್ಳಿಯ ಕಡೆ ಕಬ್ಬು ಹೊತ್ತು ಹೊರಟು, ಚಕ್ರ ಕೆಟ್ಟು, ಹಿಂದೆ ಕೆಂಪು ದೀಪವಿಲ್ಲದೆ ರಸ್ತೆಯಂಚಿನಲ್ಲಿ ನಿಂತ ಟ್ರೇಲರ್ ಇಷ್ಟು ದೂರದಿಂದಲೇ ಕಾಣಬೇಕು.

4. ತಪ್ಪು ಕಲ್ಪನೆ: ದೀಪ ಎತ್ತರದಲ್ಲಿದ್ದಷ್ಟೂ ರಸ್ತೆ ಸ್ಪಷ್ಟ.

ಸತ್ಯ: ರಾತ್ರಿ ತೆಗ್ಗುದಿಣ್ಣೆಗಳು ಕಾಣುವುದು ಅವುಗಳ ನೆರಳಿನಿಂದ. ದೀಪ ಕಣ್ಣಿಗೆ ಹತ್ತಿರವಾದಷ್ಟೂ ನೆರಳು ವಸ್ತುವಿನ ಹಿಂದೆ ಅಡಗುತ್ತದೆ, ರಸ್ತೆ ಚಪ್ಪಟೆಯಾಗಿ ತೋರುತ್ತದೆ. 10 ಮೀಟರ್ ಮುಂದೆ 5 ಸೆಂ.ಮೀ. ಎತ್ತರದ ಕಲ್ಲೊಂದು ಬಿದ್ದಿದೆ ಎನ್ನೋಣ. ದೀಪ 100 ಸೆಂ.ಮೀ. ಎತ್ತರದಲ್ಲಿದ್ದರೆ ಅದರ ನೆರಳು ಸುಮಾರು 53 ಸೆಂ.ಮೀ. ಉದ್ದ, 75 ಸೆಂ.ಮೀ. ಎತ್ತರದಲ್ಲಿದ್ದರೆ 71 ಸೆಂ.ಮೀ., 50ಕ್ಕೆ ಇಳಿಸಿದರೆ 111 ಸೆಂ.ಮೀ. ಅಂದರೆ ಚೀಲದ ಕಾರಣಕ್ಕೆ ದೀಪವನ್ನು ಕೆಳಗಿಳಿಸಬೇಕಾಗಿ ಬಂದರೆ ಅದು ನಷ್ಟವಲ್ಲ, ಹಲವು ಸಲ ಲಾಭ. ತೀರಾ ಕೆಳಗಿಳಿಸಿದರೆ ಮಾತ್ರ ಸಣ್ಣ ಹರಳಿನ ನೆರಳೂ ದೊಡ್ಡ ತೆಗ್ಗಿನಂತೆ ಕಂಡು ದಿಕ್ಕು ತಪ್ಪಿಸುತ್ತದೆ.

5. ತಪ್ಪು ಕಲ್ಪನೆ: ಹ್ಯಾಂಡಲ್ ಬಿಟ್ಟರೆ ದೀಪಕ್ಕೆ ಬೇರೆ ಜಾಗವಿಲ್ಲ.

ಸತ್ಯ: ಜಾಗಗಳು ನಾಲ್ಕಿವೆ.

ಮೊದಲನೆಯದು ಫೋರ್ಕ್‌ನ ಎರಡು ಕಾಲುಗಳು ಕೂಡುವ ತಲೆಭಾಗ. ಮುಂದಿನ ಮಡ್‌ಗಾರ್ಡ್ ಹಿಡಿದಿರುವ ಬೋಲ್ಟ್ ಸಾಮಾನ್ಯವಾಗಿ ಇಲ್ಲಿಯೇ ಇರುತ್ತದೆ. ಅದನ್ನು ಬಿಚ್ಚಿ ‘ಎಲ್’ ಆಕಾರದ ಕಬ್ಬಿಣದ ಪಟ್ಟಿಯೊಂದನ್ನು ಸೇರಿಸಿ ಬಿಗಿದರೆ ದೀಪಕ್ಕೆ ಗಟ್ಟಿ ನೆಲೆಯಾಗುತ್ತದೆ. 28 ಇಂಚಿನ ಚಕ್ರದಲ್ಲಿ ಇದು ನೆಲದಿಂದ ಸುಮಾರು 75 ಸೆಂ.ಮೀ. ಎತ್ತರ, ಚೀಲದ ತಳಕ್ಕಿಂತ ಕೆಳಗೆ. ಪಟ್ಟಿ ನಾಲ್ಕೈದು ಸೆಂಟಿಮೀಟರ್ ಮುಂದಕ್ಕೆ ಚಾಚಿರಬೇಕು, ಇಲ್ಲವಾದರೆ ಬೆಳಕಿನ ಕೆಳಭಾಗವನ್ನು ಮಡ್‌ಗಾರ್ಡ್ ನುಂಗುತ್ತದೆ.

ಎರಡನೆಯದು ಫೋರ್ಕ್‌ನ ಒಂದು ಕಾಲು. ಇಲ್ಲಿ ಚಕ್ರದ ನೆರಳು ಇನ್ನೊಂದು ಬದಿಗೆ ಬೀಳುತ್ತದೆ. ಬಲಗಾಲಿಗೆ ಕಟ್ಟಿದರೆ ಎದುರು ವಾಹನಕ್ಕೆ ಚೆನ್ನಾಗಿ ಕಾಣುತ್ತದೆ, ಆದರೆ ರಸ್ತೆಯ ಎಡ ಅಂಚು ಕತ್ತಲಾಗುತ್ತದೆ. ಎಡಗಾಲಿಗೆ ಕಟ್ಟಿದರೆ ಇದರ ತಿರುವುಮುರುವು. ಇರುಸಿನ ಬಳಿ ಕಟ್ಟದೆ ಟೈರಿನ ಮೇಲ್ಮಟ್ಟಕ್ಕೆ ಕಟ್ಟಿದರೆ ಈ ನೆರಳು ಬಹಳ ಕಡಿಮೆಯಾಗುತ್ತದೆ.

ಮೂರನೆಯದು ಹ್ಯಾಂಡಲ್‌ಗೆ ಬಿಗಿದು ಚೀಲದ ಮೇಲಕ್ಕೋ ಪಕ್ಕಕ್ಕೋ ಚಾಚುವ ತುಂಡು ಕೊಳವೆ. ನಾಲ್ಕನೆಯದು ಬುಟ್ಟಿಯ ಅಥವಾ ಮುಂದಿನ ಕ್ಯಾರಿಯರ್‌ನ ಮುಂಭಾಗ. ಬುಟ್ಟಿಯ ತಂತಿ ತೆಳುವಾಗಿದ್ದರೆ ದೀಪ ಅಲುಗಾಡಿ ಬೆಳಕು ಕುಣಿಯುತ್ತದೆ. ಬುಟ್ಟಿಯ ಕೆಳಗಿನ ದಪ್ಪ ಸರಳಿಗೆ ಕಟ್ಟುವುದು ಮೇಲು.

‘ಬ್ರೆವೆ’ ಎಂಬ ದೂರದ ಸವಾರಿಗಳಿಗೆ ಹೋಗುವವರು ಈ ವಿಷಯದಲ್ಲಿ ಹಳಬರು. ಪ್ಯಾರಿಸ್‌ನ ಔಡಾಕ್ಸ್ ಕ್ಲಬ್‌ನ ನಿಯಮದಂತೆ ನಡೆಯುವ ಈ ಸವಾರಿಗಳಲ್ಲಿ 300 ಕಿ.ಮೀ.ಗೆ 20 ಗಂಟೆ, 600 ಕಿ.ಮೀ.ಗೆ 40 ಗಂಟೆಗಳ ಗಡುವು. ರಾತ್ರಿ ಸವಾರಿ ತಪ್ಪದು, ಆದ್ದರಿಂದ ಸೈಕಲ್‌ಗೇ ಬಿಗಿದ ದೀಪಗಳು ಕಡ್ಡಾಯ. ಮುಂದೆ ದೊಡ್ಡ ಚೀಲ, ಅದರ ಕೆಳಗೆ ಫೋರ್ಕ್‌ನ ತಲೆಯಲ್ಲಿ ದೀಪ ಎಂಬ ಜೋಡಣೆ ಫ್ರಾನ್ಸಿನ ದೂರ ಸವಾರರಲ್ಲಿ ಬಹುಕಾಲದಿಂದ ಇದೆ.

6. ತಪ್ಪು ಕಲ್ಪನೆ: ದೀಪ ಬಿಗಿಯುವ ಹಿಡಿಕೆ ಯಾವುದಾದರೂ ಎಲ್ಲ ಹ್ಯಾಂಡಲ್‌ಗೂ ಕೂಡುತ್ತದೆ.

ಸತ್ಯ: ಸಾದಾ ಹ್ಯಾಂಡಲ್‌ನ ಕೊಳವೆ ಸಾಮಾನ್ಯವಾಗಿ 22.2 ಮಿ.ಮೀ. ದಪ್ಪ. ಗೇರ್ ಸೈಕಲ್‌ನ ಹ್ಯಾಂಡಲ್ ನಡುಭಾಗದಲ್ಲಿ 25.4 ಅಥವಾ 31.8 ಮಿ.ಮೀ. ಇರುತ್ತದೆ. ದಪ್ಪ ಕೊಳವೆಗೆಂದು ಮಾಡಿದ ಹಿಡಿಕೆಯನ್ನು ಸಣ್ಣ ಕೊಳವೆಗೆ ಹಾಕಿದರೆ ಎಷ್ಟು ಬಿಗಿದರೂ ಜಾರುತ್ತದೆ, ಮೊದಲ ಹಂಪ್‌ಗೇ ದೀಪ ತಲೆ ತಗ್ಗಿಸುತ್ತದೆ. ಪರಿಹಾರ ಪಂಕ್ಚರ್ ಅಂಗಡಿಯಲ್ಲೇ ಇದೆ: ಹಳೆಯ ಟ್ಯೂಬಿನ ಒಂದು ಪಟ್ಟಿಯನ್ನು ಕೊಳವೆಗೆ ಸುತ್ತಿ ಅದರ ಮೇಲೆ ಹಿಡಿಕೆ ಬಿಗಿಯುವುದು. ಟ್ಯೂಬಿನ ರಬ್ಬರ್ ಅಂತರ ತುಂಬುತ್ತದೆ, ನಡುಕವನ್ನೂ ತಗ್ಗಿಸುತ್ತದೆ. ಆದರೆ ಕೈ ಟಾರ್ಚನ್ನು ಬರೀ ಟ್ಯೂಬಿನಿಂದ ಕಟ್ಟುವುದು ಬೇರೆ ಮಾತು. ಟಾರ್ಚಿನ ದುಂಡು ಬೆಳಕು ರಸ್ತೆಗೆ ಬಿದ್ದಷ್ಟೇ ಎದುರಿನವರ ಮುಖಕ್ಕೂ ಬೀಳುತ್ತದೆ.

7. ತಪ್ಪು ಕಲ್ಪನೆ: ದೀಪ ನೇರ ಮುಂದಕ್ಕೆ ನೋಡಬೇಕು.

ಸತ್ಯ: ನೆಲಕ್ಕೆ ಸಮಾನಾಂತರವಾಗಿ ನಿಲ್ಲಿಸಿದ ದೀಪ ಎದುರು ಬರುವವರ ಕಣ್ಣು ಕುಕ್ಕುತ್ತದೆ. ಕಿತ್ತೂರಿನ ಬಳಿ ರಾಷ್ಟ್ರೀಯ ಹೆದ್ದಾರಿ 48ರ ಸರ್ವಿಸ್ ರಸ್ತೆಯಲ್ಲಾಗಲಿ, ಒಂದೇ ಗಾಡಿ ಹಿಡಿಸುವ ಹಳ್ಳಿ ರಸ್ತೆಯಲ್ಲಾಗಲಿ, ಕಣ್ಣು ಕುಕ್ಕಿಸಿಕೊಂಡ ಬೈಕ್ ಸವಾರ ಮೊದಲು ಗುದ್ದುವುದು ಆ ಸೈಕಲ್‌ಗೇ ಆಗಬಹುದು.

ಸರಿಪಡಿಸಲು ಗೋಡೆಯೊಂದು ಸಾಕು. ಚೀಲಕ್ಕೆ ಎಂದಿನ ಸಾಮಾನು ತುಂಬಿ, ಗೋಡೆಯಿಂದ 5 ಮೀಟರ್ ದೂರದಲ್ಲಿ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಬೇಕು. ಬೆಳಕಿನ ನಡುಬಿಂದು ದೀಪದ ಅರ್ಧ ಎತ್ತರಕ್ಕೆ ಬಿದ್ದರೆ ರಸ್ತೆಯಲ್ಲಿ ಅದು 10 ಮೀಟರ್ ಮುಂದೆ ಬೀಳುತ್ತದೆ. ಮುಕ್ಕಾಲು ಎತ್ತರಕ್ಕೆ ಬಿದ್ದರೆ 20 ಮೀಟರ್ ಮುಂದೆ. ಗೋಡೆಯ ಮೇಲಿನ ಬೆಳಕಿನಲ್ಲಿ ಎಲ್ಲಿಯಾದರೂ ನೇರ ಅಂಚಿನ ಕಪ್ಪು ಕಂಡರೆ ಅದು ಚೀಲದ್ದೋ ಮಡ್‌ಗಾರ್ಡಿನದೋ ನೆರಳು.

8. ತಪ್ಪು ಕಲ್ಪನೆ: ಮಿಣುಕುವ ದೀಪ, ಬಣ್ಣದ ದೀಪ ಹೆಚ್ಚು ಸುರಕ್ಷಿತ.

ಸತ್ಯ: ಮಿಣುಕು ಬೆಳಕು ಗಮನ ಸೆಳೆಯುತ್ತದೆ, ಹಗಲಿನಲ್ಲಿ ಉಪಯೋಗಕ್ಕೂ ಬರುತ್ತದೆ. ಕತ್ತಲಿನಲ್ಲಿ ಎದುರಿನವರಿಗೆ ಸೈಕಲ್ ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ಅಳೆಯಲು ನಿಶ್ಚಲ ಬೆಳಕೇ ಬೇಕು. ಸವಾರನಿಗೂ ರಸ್ತೆ ತುಂಡು ತುಂಡಾಗಿ ಕಂಡರೆ ಪ್ರಯೋಜನವಿಲ್ಲ. ಇನ್ನು ಕೆಂಪು ಹಿಂಬದಿಯ ಬಣ್ಣ. ಅದನ್ನು ಮುಂದೆ ಹಾಕಿದರೆ, ಎದುರು ಬರುತ್ತಿರುವ ಸೈಕಲ್ ತನ್ನ ದಿಕ್ಕಿಗೇ ಹೋಗುತ್ತಿದೆ ಎಂದು ನೋಡುವವರು ತಿಳಿಯುತ್ತಾರೆ. ಮುಂದೆ ಬಿಳಿ, ಹಿಂದೆ ಕೆಂಪು ಎಂಬುದು ಬದಲಾಗಬಾರದು.

9. ತಪ್ಪು ಕಲ್ಪನೆ: ಡೈನಮೊ ಕಾಲ ಮುಗಿಯಿತು.

ಸತ್ಯ: ಟೈರಿಗೆ ಉಜ್ಜುವ ಹಳೆಯ ಡೈನಮೊ ಸೈಕಲ್ಲನ್ನು ಭಾರ ಮಾಡುತ್ತಿತ್ತು, ಮಳೆಯಲ್ಲಿ ಜಾರುತ್ತಿತ್ತು, ನಿಂತ ಕೂಡಲೇ ದೀಪ ಆರುತ್ತಿತ್ತು. ಈಗ ಚಕ್ರದ ನಡುವಿನ ಹಬ್‌ನೊಳಗೇ ಕೂರುವ ಡೈನಮೊಗಳು ಅದೇ 6 ವೋಲ್ಟ್, 3 ವ್ಯಾಟ್ ವಿದ್ಯುತ್ತನ್ನು ಕಡಿಮೆ ಎಳೆತದಲ್ಲಿ ಕೊಡುತ್ತವೆ. ಹಳೆಯ ಬಲ್ಬಿಗೆ ಸಾಲದ 3 ವ್ಯಾಟ್ ಎಲ್‌ಇಡಿಗೆ ಧಾರಾಳ. ದೀಪದೊಳಗಿನ ಕೆಪಾಸಿಟರ್ ಸೈಕಲ್ ನಿಂತ ಮೇಲೂ ಕೆಲವು ನಿಮಿಷ ಮಂದ ಬೆಳಕು ಉಳಿಸುತ್ತದೆ. ಇಂಥ ದೀಪವನ್ನು ಫೋರ್ಕ್‌ನ ತಲೆಗೇ ಬಿಗಿಯುವುದು ವಾಡಿಕೆಯಾದ್ದರಿಂದ ಚೀಲದೊಡನೆ ಜಗಳವೂ ಇಲ್ಲ. ಬೆಲೆ ಹೆಚ್ಚು, ಪ್ರತಿ ರಾತ್ರಿ ಓಡಾಡುವವರಿಗೆ ಮಾತ್ರ ಅದು ಹೊಂದುತ್ತದೆ.

10. ತಪ್ಪು ಕಲ್ಪನೆ: ವಾಟರ್‌ಪ್ರೂಫ್ ಎಂದು ಬರೆದಿದ್ದರೆ ಚಿಂತೆಯಿಲ್ಲ.

ಸತ್ಯ: ಐಪಿಎಕ್ಸ್4 ಎಂದರೆ ಸಿಡಿಯುವ ನೀರನ್ನು ತಡೆಯುತ್ತದೆ ಎಂದಷ್ಟೇ. ಐಪಿಎಕ್ಸ್7 ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಾಳಿಕೆ. ‘ಎಕ್ಸ್’ ಇರುವ ಕಡೆ ಧೂಳಿನ ಪರೀಕ್ಷೆಯ ಅಂಕಿ ಇರಬೇಕಿತ್ತು, ಅದನ್ನು ಕೊಟ್ಟಿಲ್ಲ ಎಂದರ್ಥ. ಮಳೆ ಹೆಚ್ಚಿರುವ ಕಿತ್ತೂರಿನ ಕಡೆ ನೀರಿನ ಅಂಕಿ ಮುಖ್ಯವಾದರೆ, ಒಣ ಎರೆ ಭೂಮಿಯ ರಾಮದುರ್ಗದ ಕಡೆ ಧೂಳಿನದೂ ಅಷ್ಟೇ ಮುಖ್ಯ. ಕೆಳಗೆ ಕಟ್ಟಿದ ದೀಪಕ್ಕೆ ಚಕ್ರದ ಕೆಸರು ಬೇಗ ಮೆತ್ತುತ್ತದೆ; ಗಾಜು ಒರೆಸದಿದ್ದರೆ ಬೆಳಕು ಮಂಕಾಗುತ್ತದೆ.

11. ತಪ್ಪು ಕಲ್ಪನೆ: ಮೊದಲು ಚೀಲ ಕಟ್ಟಿ, ಉಳಿದ ಜಾಗದಲ್ಲಿ ದೀಪ ಕಟ್ಟಿದರಾಯಿತು.

ಸತ್ಯ: ಕ್ರಮ ಇದಕ್ಕೆ ತಲೆಕೆಳಗು. ಮೊದಲು ದೀಪದ ಜಾಗ ಗೊತ್ತುಮಾಡಿ ಬಿಗಿಯಬೇಕು, ಆಮೇಲೆ ಅದರ ಬೆಳಕಿನ ದಾರಿ ಬಿಟ್ಟು ಚೀಲ ಕಟ್ಟಬೇಕು. ಹ್ಯಾಂಡಲ್‌ನ ಒಂದು ತುದಿಗೆ ತೂಗಿದ ಚೀಲ ಅತ್ತಿತ್ತ ಓಲಾಡಿ ಆಗಾಗ ದೀಪವನ್ನು ಮುಚ್ಚುತ್ತದೆ, ಹ್ಯಾಂಡಲ್ಲನ್ನು ತನ್ನ ಕಡೆಗೆ ಎಳೆಯುತ್ತದೆ, ಅದರ ಬಾರು ಚಕ್ರದ ಕಡ್ಡಿಗಳಿಗೆ ಸಿಕ್ಕಿದರೆ ಸವಾರ ಮುಗ್ಗರಿಸುತ್ತಾನೆ. ಚೀಲವನ್ನು ನಡುವೆ, ಎರಡು ಕಡೆ ಬಾರು ಹಾಕಿ ಕಟ್ಟಿ, ಕೆಳಗಿನಿಂದ ಇನ್ನೊಂದು ಬಾರಿನಿಂದ ಬಿಗಿಯಬೇಕು. ತಳ ಟೈರಿಗೆ ತಾಗಬಾರದು, ಬ್ರೇಕಿನ ಕೇಬಲ್ ಒತ್ತಿ ಮಡಚಬಾರದು. ಭಾರದ ಸಾಮಾನು ಹಿಂದಿನ ಕ್ಯಾರಿಯರ್‌ಗೆ ಹೋಗಬೇಕು, ಮುಂದಿನ ಚೀಲಕ್ಕೆ ಹಗುರಾದುದಷ್ಟೇ. ಎಲ್ಲ ಕಟ್ಟಿದ ಮೇಲೆ ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಚೀಲ ದೀಪಕ್ಕಾಗಲಿ ಚಕ್ರಕ್ಕಾಗಲಿ ತಾಗುತ್ತಿಲ್ಲ ಎಂದು ನೋಡಿಕೊಳ್ಳಬೇಕು. ಚೀಲದ ಸಾಮಾನು ಬದಲಾದಾಗಲೆಲ್ಲ ಅದರ ಎತ್ತರವೂ ಬದಲಾಗುವುದರಿಂದ ಗೋಡೆಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು.